ಕಷ್ಟದಲ್ಲಿ ಸ್ತೋತ್ರ ಹೇಳುವುದು ಸುಳ್ಳಾಗುತ್ತದೆಯೇ?

ಕೆಲಸ ಹೋಗಿದೆ, ಅಮ್ಮ ಹಾಸಿಗೆ ಹಿಡಿದಿದ್ದಾರೆ, ಈಗ ದೇವರಿಗೆ ಸ್ತೋತ್ರ ಹೇಳಿದರೆ, ಅಂದರೆ ಕೃತಜ್ಞತೆ ಸಲ್ಲಿಸಿದರೆ, ನಾಟಕ ಆಡಿದ ಹಾಗಾಗುವುದಿಲ್ಲವೇ ಎಂದು ಕೇಳಿದ್ದೀರಿ. ಓದಿ ಮನಸ್ಸು ಭಾರವಾಯಿತು.

ಬೈಬಲಿನ 1 ಥೆಸಲೋನಿಕ 5:18ರಲ್ಲಿ ಅಪೊಸ್ತಲ ಪೌಲನು ಹೇಳುವುದು ‘ಎಲ್ಲದರಲ್ಲಿಯೂ’ ಸ್ತೋತ್ರ ಮಾಡಿ ಎಂದು, ‘ಎಲ್ಲದಕ್ಕಾಗಿ’ ಎಂದಲ್ಲ. ಅಮ್ಮನ ಕಾಯಿಲೆಗಾಗಿ ನೀವು ಸ್ತೋತ್ರ ಹೇಳಬೇಕಾಗಿಲ್ಲ. ಪ್ರವಾದಿ ಹಬಕ್ಕೂಕನ ಪುಸ್ತಕದ 3:17 ನೋಡಿ. ಅಂಜೂರ ಚಿಗುರಿಲ್ಲ, ದ್ರಾಕ್ಷಿ ಬಿಟ್ಟಿಲ್ಲ, ಕೊಟ್ಟಿಗೆಯಲ್ಲಿ ದನಗಳಿಲ್ಲ ಎಂದು ಇಲ್ಲದ್ದನ್ನೆಲ್ಲ ಮೊದಲು ಎಣಿಸುತ್ತಾನೆ. ಆಮೇಲೆಯೇ ‘ಆದರೂ’ ಎಂದು ದೇವರಲ್ಲಿ ಆನಂದಿಸುತ್ತೇನೆ ಎನ್ನುತ್ತಾನೆ. ಅಳು ಮೊದಲು ಬಂದರೆ ತಪ್ಪೇನಿಲ್ಲ ಅಲ್ವಾ?

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ದಿನಾ ರಾತ್ರಿ ಒಂದು ಪುಸ್ತಕದಲ್ಲಿ ಸ್ತೋತ್ರವಾಗಿ ಒಂದೇ ಸಾಲು ಬರೆಯುತ್ತಿದ್ದೆ. ‘ಇವತ್ತು ಎರಡು ಗುಟುಕು ನೀರು ನುಂಗಿದರು.’ ‘ನರ್ಸ್ ದಿಂಬು ಸರಿಮಾಡಿ ಹೆಸರು ಹಿಡಿದು ಮಾತಾಡಿಸಿದರು.’ ಕೆಲವು ದಿನ ಏನೂ ಹೊಳೆಯದೆ ದಿನಾಂಕ ಮಾತ್ರ ಹಾಕಿ ಮಲಗಿದ್ದೂ ಇದೆ. ಅಪ್ಪ ಉಳಿಯಲಿಲ್ಲ. ಆ ಪುಸ್ತಕ ಈಗಲೂ ನನ್ನ ಬೈಬಲಿನ ಪಕ್ಕದಲ್ಲೇ ಇದೆ.

ನೀವೂ ಒಂದೇ ಸಾಲಿನಿಂದ ಶುರುಮಾಡಿ. ದೊಡ್ಡದೇನೂ ಹುಡುಕಬೇಡಿ, ಆ ದಿನ ಕಣ್ಣಾರೆ ಕಂಡದ್ದು ಸಾಕು. ಬರೆಯಲು ಆಗದ ದಿನ 13ನೇ ಕೀರ್ತನೆ ಓದಿ, ಬರೀ ಆರು ವಚನ. ‘ಎಷ್ಟರವರೆಗೆ’ ಎಂಬ ಪ್ರಶ್ನೆಯಿಂದಲೇ ಅದು ಶುರುವಾಗುತ್ತದೆ. ಅಮ್ಮನಿಗಾಗಿ ಇವತ್ತು ಪ್ರಾರ್ಥಿಸುತ್ತೇನೆ.