ಹೀರಿದ್ದನ್ನಲ್ಲ, ವ್ಯತ್ಯಾಸವನ್ನು ಅಳೆಯುತ್ತಾರೆ

ಕೊಪ್ಪಳದ ಗೆಳೆಯರೇ, ಆಳಿಲ್ಲದ ದೋಣಿ ಸಮುದ್ರ ಹೀರುವ ಕಾರ್ಬನ್ ಡೈಆಕ್ಸೈಡನ್ನು ಹೇಗೆ ಅಳೆಯುತ್ತದೆ ಅಂತ ಕೇಳಿದ್ದೀರಿ. ಹೀರಿದ್ದನ್ನು ಅದು ನೇರವಾಗಿ ಅಳೆಯುವುದಿಲ್ಲ. ಸಮುದ್ರದ ನೀರನ್ನು ಒಳಗೆಳೆದು, ಅದರ ಜೊತೆ ಸ್ವಲ್ಪ ಗಾಳಿಯನ್ನು ಸುತ್ತಿಸುತ್ತದೆ. ಎರಡರಲ್ಲೂ ಈ ಅನಿಲದ ಒತ್ತಡ ಸಮವಾದ ಮೇಲೆ, ಆ ಗಾಳಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಅನಿಲ ಎಷ್ಟಿದೆ ಅಂತ ಓದುತ್ತದೆ. ಹೊರಗಿನ ಗಾಳಿಯನ್ನೂ ಹಾಗೇ ಓದುತ್ತದೆ. ನೀರಿನ ಕಡೆ ಅನಿಲದ ಒತ್ತಡ ಕಡಿಮೆಯಿದ್ದರೆ ಸಮುದ್ರ ಹೀರುತ್ತಿದೆ, ಜಾಸ್ತಿಯಿದ್ದರೆ ಬಿಡುತ್ತಿದೆ. ನಮ್ಮ ರಾಯಚೂರಿನ ಬಿಸಿಲಲ್ಲಿಟ್ಟ ಸೋಡಾ ಬಾಟಲಿ ತೆರೆದ ಕೂಡಲೇ ಬುಸ್ ಅನ್ನುತ್ತದಲ್ವಾ, ಹಾಗೆ. ಸಮುದ್ರ ಎಷ್ಟು ಬೇಗ ಹೀರುತ್ತದೆ ಅಥವಾ ಬಿಡುತ್ತದೆ ಅನ್ನುವುದನ್ನು ಗಾಳಿಯ ರಭಸ ನೋಡಿ ಲೆಕ್ಕ ಹಾಕುತ್ತಾರೆ.

2019ರಲ್ಲಿ ಸೈಲ್‌ಡ್ರೋನ್ ಅನ್ನುವ ಇಂಥದೇ ಒಂದು ಆಳಿಲ್ಲದ ದೋಣಿ 196 ದಿನಗಳಲ್ಲಿ ಅಂಟಾರ್ಕ್ಟಿಕಾ ಸುತ್ತಿ ಬಂತು, ಸುಮಾರು 22,000 ಕಿಲೋಮೀಟರ್. ಚಳಿಗಾಲದಲ್ಲಿ ಹಡಗುಗಳೇ ಹೋಗಲು ಹಿಂಜರಿಯುವ ಕಡೆ! ಅಲ್ಲಿ ಕೆಲವೆಡೆ ಸಮುದ್ರ ಅನಿಲವನ್ನು ಹೊರಗೆ ಬಿಡುತ್ತಿದ್ದುದೂ ಅದಕ್ಕೆ ಸಿಕ್ಕಿತು.