50 ಕ್ರೆಡಿಟ್ ಇದ್ದರೂ ಅಪ್ರೈಸಲ್ ಫೈಲ್ ವಾಪಸ್ ಬಂದಿದ್ದಕ್ಕೆ

ಇಂಗ್ಲೆಂಡಿನಲ್ಲಿ ಜಿಪಿ (ಫ್ಯಾಮಿಲಿ ಡಾಕ್ಟರ್) ಆಗಿ ವರ್ಷದ 50 ಕ್ರೆಡಿಟ್ (ಒಂದು ಗಂಟೆ ಕಲಿಕೆಗೆ ಒಂದು) ತುಂಬಿಸಿದ್ದರೂ ಅಪ್ರೈಸರ್ (ವರ್ಷಕ್ಕೊಮ್ಮೆ ನಿಮ್ಮ ಕೆಲಸ, ಕಲಿಕೆ ಪರಿಶೀಲಿಸುವವರು) ‘ಸಾಲದು’ ಅಂದಿದ್ದಾರೆ ಅಂದರೆ, ತೊಂದರೆ ಬಹುಶಃ ಗಂಟೆಗಳದ್ದಲ್ಲ. ಸರ್ಟಿಫಿಕೇಟ್ ಮಾತ್ರ ಏರಿಸಿ, ಕಲಿತದ್ದರಿಂದ ಏನು ಬದಲಾಯಿತು ಅಂತ ಬರೆದಿರಲಿಕ್ಕಿಲ್ಲ.

ಮೊದಲು ಐದಾರು ಮುಖ್ಯ ಕಲಿಕೆ ಆರಿಸಿಕೊಳ್ಳಿ. ಎಲ್ಲಕ್ಕೂ ಬರೆಯುತ್ತಾ ಕೂತರೆ ಸುಮ್ನೆ ಸುಸ್ತು. ಒಂದೊಂದಕ್ಕೂ ಎರಡು ಮೂರು ಸಾಲು ಸಾಕು. ‘ಆಸ್ತಮಾ ವೆಬಿನಾರ್ ನೋಡಿದೆ, ಚೆನ್ನಾಗಿತ್ತು’ ಅಂದರೆ ನಡೆಯಲ್ಲ. ‘ನೀಲಿ ಇನ್ಹೇಲರ್ ಪದೇ ಪದೇ ಒಯ್ಯುವವರ ಪಟ್ಟಿ ತೆಗೆಸಿದೆ, ಕರೆಸಿ ಸ್ಟೆರಾಯ್ಡ್ ಇನ್ಹೇಲರ್ ಬಳಸ್ತಿದ್ದಾರಾ ಅಂತ ನೋಡಿದೆ’ ಅಂದರೆ ನಡೆಯುತ್ತೆ. ರೋಗಿಯ ಹೆಸರು, ಗುರುತು ಮಾತ್ರ ಬೇಡವೇ ಬೇಡ.

ಆಮೇಲೆ ದೂರುಗಳ ಭಾಗ. ದೂರು ಬಂದಿಲ್ಲದಿದ್ದರೆ ಖಾಲಿ ಬಿಡದೆ ‘ಇಲ್ಲ’ ಅಂತಲೇ ಬರೆಯಿರಿ.

ರೋಗಿಗಳ, ಸಹೋದ್ಯೋಗಿಗಳ ಅಭಿಪ್ರಾಯ 5 ವರ್ಷದ ರೀವ್ಯಾಲಿಡೇಶನ್ (ಡಾಕ್ಟರ್ ಲೈಸೆನ್ಸ್ ಮುಂದುವರಿಸಲು ನಡೆಯುವ ಪರಿಶೀಲನೆ) ಸುತ್ತಿನಲ್ಲಿ ಒಮ್ಮೆಯಾದರೂ ಬೇಕು. ಇದು ಕೊನೆಯ ವರ್ಷವಾಗಿದ್ದು ಅದಿನ್ನೂ ಆಗಿಲ್ಲದಿದ್ದರೆ ಇವತ್ತೇ ಶುರು ಮಾಡಿ. ಉತ್ತರ ಬರಲು ವಾರಗಟ್ಟಲೆ ಹಿಡಿಯುತ್ತೆ.

ನಿಮ್ಮ ಫೈಲ್ ನಾನು ನೋಡಿಲ್ಲ, ಹಾಗಾಗಿ ಕಾರಣ ಬೇರೆಯೂ ಇರಬಹುದು. ಯಾವ ಭಾಗ ಸಾಲದು ಅಂತ ಅಪ್ರೈಸರ್‌ಗೇ ಒಂದು ಮೇಲ್ ಹಾಕಿ. ಅವರೂ ಡಾಕ್ಟರೇ ಅಲ್ವಾ, ಹೇಳ್ತಾರೆ.