ಕೊರೊನಾ ನಿರ್ಬಂಧಗಳು ಜನರ ಓಡಾಟವನ್ನೂ ನಗರದೊಂದಿಗಿನ ಒಡನಾಟವನ್ನೂ ಹೇಗೆ ಬದಲಿಸಿದವು?

ನಿರ್ಬಂಧಗಳು ಓಡಾಟವನ್ನು ನಿಜಕ್ಕೂ ಬದಲಿಸಿದವೇ, ಇಲ್ಲವೇ ಎಲ್ಲವೂ ಮೊದಲಿನಂತಾಯಿತೇ ಎಂದು ಕೇಳಿದ್ದೀರಿ. ನಾನು ಕರ್ನಾಟಕದ ಗಡಿಗೆ ಅಂಟಿಕೊಂಡಿರುವ, ಕೇರಳದ ಮಂಜೇಶ್ವರದ ಕಡೆಯವನು. ನಾನು ಕಂಡ ಗಡಿಭಾಗದ ಮಟ್ಟಿಗೆ ಉತ್ತರಿಸುತ್ತೇನೆ.

ನಮ್ಮ ಜಿಲ್ಲಾ ಕೇಂದ್ರ ಕಾಸರಗೋಡು, ರಾಜಧಾನಿ ತಿರುವನಂತಪುರ. ಆದರೆ ಜವಳಿ, ಕಾಲೇಜು, ದೊಡ್ಡಾಸ್ಪತ್ರೆ ಎಂದರೆ ಮಂಗಳೂರೇ. ತಲಪಾಡಿಯಲ್ಲಿ ರಾಜ್ಯದ ಗಡಿಯಿದೆ ಎಂಬುದು ಬಸ್ಸಿನಲ್ಲಿ ಕುಳಿತವರಿಗೆ ಅಂಗಡಿಗಳ ಬೋರ್ಡಿನ ಲಿಪಿ ಬದಲಾದಾಗ ಮಾತ್ರ ತಿಳಿಯುತ್ತಿತ್ತು.

2020ರ ಮಾರ್ಚ್‌ನಲ್ಲಿ ಆ ಗಡಿ ಮುಚ್ಚಿತು. ಕೊಲ್ಲಿ ರಾಷ್ಟ್ರಗಳಿಂದ ಮರಳಿದವರಿಂದಾಗಿ ಕಾಸರಗೋಡಿನಲ್ಲಿ ಆಗ ಸೋಂಕು ಹೆಚ್ಚಿದ್ದುದರಿಂದ ಕರ್ನಾಟಕದ ಆತಂಕ ನಿರಾಧಾರವೇನೂ ಆಗಿರಲಿಲ್ಲ. ಆದರೆ ಹೆದ್ದಾರಿಗೆ ಅಡ್ಡಗಟ್ಟಿದ್ದು ಸಾಲದೆಂಬಂತೆ ಒಳರಸ್ತೆಗಳಿಗೂ ಮಣ್ಣು ಸುರಿದು, ಆಂಬುಲೆನ್ಸ್‌ಗಳನ್ನೂ ಹಿಂದಕ್ಕೆ ಕಳುಹಿಸಿದ್ದನ್ನು ಆ ಆತಂಕದಿಂದ ಸಮರ್ಥಿಸಲಾಗದು. ಗಡಿ ದಾಟಿದ ಕೂಡಲೇ ಸಿಗುವ ದೇರಳಕಟ್ಟೆಯ ಆಸ್ಪತ್ರೆಗಳನ್ನೇ ನಂಬಿದ್ದ ಡಯಾಲಿಸಿಸ್ ರೋಗಿಗಳು, ಹೃದ್ರೋಗಿಗಳು, ತುಂಬು ಗರ್ಭಿಣಿಯರು ಸುಮಾರು ನೂರು ಕಿಲೋಮೀಟರ್ ದೂರದ, ಕಣ್ಣೂರು ಜಿಲ್ಲೆಯ ಪರಿಯಾರಂ ವೈದ್ಯಕೀಯ ಕಾಲೇಜಿನ ಕಡೆಗೆ ನೋಡಬೇಕಾಯಿತು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡ ಸುದ್ದಿ ದಿನಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಮಧ್ಯಪ್ರವೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ತಪಾಸಣೆ ನಡೆಸಿ ತುರ್ತು ರೋಗಿಗಳನ್ನು ಒಳಬಿಡುವ ಒಪ್ಪಂದ ಏಪ್ರಿಲ್ 7ರ ಹೊತ್ತಿಗೆ ಏರ್ಪಟ್ಟಿತು.

ನನ್ನ ಅಭಿಪ್ರಾಯದಲ್ಲಿ ತೊಡಕಿನ ಮೂಲ ಇರುವುದು ಇಲ್ಲಿ: ನಿಯಮಗಳು ನಮ್ಮನ್ನು ಅಂತರರಾಜ್ಯ ಪ್ರಯಾಣಿಕರೆಂದು ಲೆಕ್ಕ ಹಾಕಿದವು, ಆದರೆ ಬದುಕಿನ ರೀತಿಯಲ್ಲಿ ನಾವು ಮಂಗಳೂರಿನ ಹೊರವಲಯದವರು. ಬೆಂಗಳೂರಿನವರು ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಹೋಗಲು ಯಾರೂ ಆರ್‌ಟಿ-ಪಿಸಿಆರ್ ವರದಿ ಕೇಳಲಿಲ್ಲ. ನಮಗೆ 2021ರಲ್ಲಿ ಅದು ಕಡ್ಡಾಯವಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಎರಡೂ ರಾಜ್ಯಗಳ ಬಸ್ಸುಗಳು ತಲಪಾಡಿಯಲ್ಲೇ ನಿಲ್ಲುತ್ತಿದ್ದವು. ಪ್ರಯಾಣಿಕರು ಇಳಿದು, ಚೀಲ ಹೊತ್ತು ನಡೆದು, ಪೊಲೀಸರಿಗೆ ಮೊಬೈಲಿನಲ್ಲಿ ನೆಗೆಟಿವ್ ವರದಿ ತೋರಿಸಿ, ಆಚೆ ಬದಿಯಲ್ಲಿ ಇನ್ನೊಂದು ಬಸ್ಸು ಹತ್ತಬೇಕಿತ್ತು. ದಿನಗೂಲಿಯವರಿಗೆ ಇದರಲ್ಲಿ ಹೋಗುತ್ತಿದ್ದುದು ಅರ್ಧ ದಿನದ ಸಂಪಾದನೆ.

ರೈಲಿನ ಕಥೆ ಇನ್ನೂ ದೀರ್ಘವಾದದ್ದು. ದೇಶದೆಲ್ಲೆಡೆ ಪ್ಯಾಸೆಂಜರ್ ರೈಲುಗಳು ಮರಳಿದ್ದು ಎಕ್ಸ್‌ಪ್ರೆಸ್ ದರದಲ್ಲಿ; 10 ರೂಪಾಯಿಯ ಕನಿಷ್ಠ ಟಿಕೆಟ್ 30 ಆಯಿತು, ಹಳೆಯ ದರ ಬಂದದ್ದು 2024ರ ಫೆಬ್ರವರಿಯಲ್ಲಿ. ಸೀಸನ್ ಟಿಕೆಟ್ ಸ್ಥಗಿತಗೊಂಡ ತಿಂಗಳುಗಳಲ್ಲಿ ಬೈಕಿಗೆ ಬದಲಾದ ನನ್ನ ಪರಿಚಯದ ಹಲವರು ರೈಲಿಗೆ ಹಿಂದಿರುಗಲೇ ಇಲ್ಲ.

ಹಾಗಾಗಿ ಎಲ್ಲವೂ ಮೊದಲಿನಂತಾಯಿತು ಎನ್ನಲಾರೆ. ಚಿಕ್ಕಪುಟ್ಟ ಖರೀದಿಗೆ ಈಗ ಹತ್ತಿರದ ಉಪ್ಪಳ, ಹೊಸಂಗಡಿ ಸಾಕೆನ್ನುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಅದು ಅಷ್ಟು ಸುಲಭವಲ್ಲ: ಟಾಟಾ ಸಮೂಹ ನಮ್ಮ ಜಿಲ್ಲೆಯ ತೆಕ್ಕಿಲ್‌ನಲ್ಲಿ ಕಟ್ಟಿಕೊಟ್ಟ ಆಸ್ಪತ್ರೆ ಕೋವಿಡ್‌ಗೆಂದೇ ತರಾತುರಿಯಲ್ಲಿ ಎದ್ದದ್ದು, ಎಲ್ಲ ಕಾಯಿಲೆಗಳಿಗೆಂದಲ್ಲ; ಎದೆನೋವು ಬಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ತಲಪಾಡಿಯ ಆಚೆಯ ಆಸ್ಪತ್ರೆಗಳೇ.